ನೂಲು ಬೆಳ್ಳಗೇ ಯಾಕಿರಬೇಕು?

ನಮ್ಮ ಮನೆಯ ಪಡಸಾಲೆಯ ಕಿಟಕಿಯ ಪಕ್ಕ ಒಂದು ಪೆಟ್ಟಿಗೆ ಚರಕ ಇದೆ. ಮುಚ್ಚಿಟ್ಟರೆ ದಪ್ಪನೆಯ ಪುಸ್ತಕದಂತೆ ಕಾಣುತ್ತದೆ. ತೆರೆದರೆ ಒಳಗೆ ಎರಡು ಚಕ್ರ, ಒಂದು ಕದಿರು. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದಿಟ್ಟು, ಓಣಿ ತಣ್ಣಗಾದ ಮೇಲೆ ನಾನು ಅದರ ಮುಂದೆ ಕೂಡುತ್ತೇನೆ. ಬುಟ್ಟಿಯಲ್ಲಿ ಕೆಂಪು ಹಂಜಿ, ಹಳದಿ ಹಂಜಿ, ನೀಲಿ ಹಂಜಿ. ಒಂದು ತಾಸು, ಒಮ್ಮೊಮ್ಮೆ ಎರಡು ತಾಸು, ಬಣ್ಣದ ನೂಲು ತೆಗೆಯುತ್ತೇನೆ.

ಮನೆಗೆ ಬಂದವರು ಇದನ್ನು ನೋಡಿ ಸುಮ್ಮನಿರುವುದಿಲ್ಲ. ಪಕ್ಕದ ಮನೆಯಾಕೆ, “ಚಲೋ ಆತು ಬಿಡ್ರಿ ಅಕ್ಕಾರ, ರಿಟೈರ್ ಆದಮ್ಯಾಲ ಬ್ಯಾಸರ ಕಳೀಲಿಕ್ಕೆ ಏನರ ಬೇಕಲ್ಲ” ಎಂದಳು. ನನ್ನ ತಂಗಿಯ ಮಗ, “ದೊಡ್ಡವ್ವಾ, ಇಂಥಾ ದಾರದ ಉಂಡಿ ಅಂಗಡ್ಯಾಗ ರಗಡ ಸಿಗತಾವ, ಸುಮ್ನ ಯಾಕ ಬೆನ್ನು ನೋಯಿಸ್ಕೋತಿ?” ಎಂದ. ಇವರಿಬ್ಬರಿಗೂ ಚಹಾ ಕೊಟ್ಟು ಕಳಿಸಿದೆ. ಆದರೆ ಮೂರನೆಯವರೊಬ್ಬರು ಬಂದರು. ಹಿರಿಯರು, ಖಾದಿ ಜುಬ್ಬಾದವರು, ನಾವೆಲ್ಲ ಗೌರವ ಕೊಡುವವರು. ಬುಟ್ಟಿಯೊಳಗೆ ಇಣುಕಿ ನೋಡಿ, ಮುಖ ಸಣ್ಣದು ಮಾಡಿ, “ಬಾಯಾರ, ಚರಕ ಅಂದಮ್ಯಾಲ ಅದಕ್ಕೊಂದು ಪಾವಿತ್ರ್ಯ ಅದ. ಬಿಳೀ ನೂಲು ತಗೀಬೇಕ್ರಿ. ಇದೇನಿದು, ಜಾತ್ರಿ ರಿಬ್ಬನ್ ಹಂಗ!” ಎಂದುಬಿಟ್ಟರು.

ಅವರಿಗೂ ಚಹಾ ಕೊಟ್ಟೆ. ಹಿರಿಯರಲ್ಲವೇ, ಎದುರು ಮಾತಾಡಲಿಲ್ಲ. ಆ ಹೊತ್ತು ಗಂಟಲಲ್ಲೇ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು 1966ರಲ್ಲಿ, ನಾಲ್ಕನೆಯ ಇಯತ್ತೆಯಲ್ಲಿ. ಧಾರವಾಡದ ಕಡೆಯ ಒಂದು ಸಣ್ಣ ಊರಿನ ಶಾಲೆ. ವಾರಕ್ಕೆರಡು ಸಲ ತಕಲಿಯ ತಾಸು ಇರುತ್ತಿತ್ತು. ಹಿತ್ತಾಳೆಯ ಬಿಲ್ಲೆಗೆ ಕಡ್ಡಿ ಸಿಕ್ಕಿಸಿದ ತಕಲಿ, ಮೊಣಕಾಲಿನ ಪಕ್ಕ ಗಿರ್ರನೆ ತಿರುಗಿಸಿ ನೂಲು ಎಳೆಯುವುದು. ನಮ್ಮ ಓಣಿಯ ಆಚಾರ್ಯರ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಹಬ್ಬ ಹತ್ತಿರವಾದಾಗ ಅರಳೆಯಿಂದ ಗೆಜ್ಜೆವಸ್ತ್ರ ಮಾಡುತ್ತಿದ್ದಳು. ಬೆರಳು ತೇವ ಮಾಡಿಕೊಂಡು ಅರಳೆ ಹೊಸೆದು, ಅಲ್ಲಲ್ಲಿ ಕುಂಕುಮ ಹಚ್ಚಿ, ಮಣಿಮಣಿಯಾಗಿ ಮಾಲೆ ಕಟ್ಟುವ ಆಕೆಯ ಕೈ ನೋಡುವುದೇ ನನಗೊಂದು ಹಬ್ಬ. ಹಾಗೆ ನೋಡಿ ನೋಡಿ ನನಗೂ ಆಸೆಯಾಯಿತು. ಒಂದು ಸಂಜೆ ನನ್ನ ಪಾಲಿನ ಹಂಜಿಗೆ ಅರಿಷಿಣದ ನೀರು ಚಿಮುಕಿಸಿದೆ, ಇನ್ನೊಂದಕ್ಕೆ ಕುಂಕುಮ ಸವರಿದೆ. ಒಲೆಯ ಪಕ್ಕ ಒಣಗಿಸಿ ಮರುದಿನ ಶಾಲೆಗೆ ಒಯ್ದೆ. ನೂಲು ಎಳೆದಂತೆ ಹಳದಿಯೊಳಗಿಂದ ಕೆಂಪು ಬಂತು, ಕೆಂಪಿನೊಳಗಿಂದ ಮತ್ತೆ ಹಳದಿ. ನನ್ನ ಸುತ್ತ ಹುಡುಗಿಯರು ಗುಂಪುಗೂಡಿದರು. ಆ ಐದು ನಿಮಿಷ ನಾನು ರಾಣಿಯಾಗಿದ್ದೆ.

ಮಾಸ್ತರರು ಬಂದರು. ನೂಲನ್ನು ಕಿತ್ತು ಕಿಟಕಿಯಾಚೆ ಎಸೆದರು. ಅಂಗೈ ಕೆಳಗೆ ಮಾಡಿಸಿ ಬೆರಳ ಗೆಣ್ಣಿಗೆ ಫೂಟುಪಟ್ಟಿಯಿಂದ ಎರಡು ಕೊಟ್ಟರು. “ನೂಲು ಅಂದ್ರ ಬೆಳ್ಳಗಿರಬೇಕು. ಇದು ಆಟದ ಸಾಮಾನಲ್ಲ” ಎಂದರು. ಅಳುತ್ತ ಮನೆಗೆ ಬಂದೆ. ಅವ್ವ ಚರಕದ ಮುಂದೆ ಕೂತಿದ್ದಳು. ಕೈ ನಿಲ್ಲಿಸದೆ, “ಅರಿಷಿಣಾ ದುಡ್ಡಿಗೆ ಬರತದವಾ. ಹತ್ತೀನೂ ದುಡ್ಡಿಗೆ ಬರತದ” ಎಂದಳು. ಅಷ್ಟೇ.

ಅವ್ವ ಯಾಕೆ ಹಾಗೆಂದಳು ಎಂಬುದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು. ಅಪ್ಪನ ಕಿರಾಣಿ ಅಂಗಡಿ ಮುಳುಗಿತ್ತು. ಅವ್ವ ಊರಿನ ನೂಲು ಕೇಂದ್ರದಿಂದ ನಾಲ್ಕು ಕದಿರಿನ ಅಂಬರ ಚರಕ ತಂದುಕೊಂಡು ಕೂಲಿಗೆ ನೂಲುತ್ತಿದ್ದಳು. ವಾರಕ್ಕೊಮ್ಮೆ ಲಡಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಒಪ್ಪಿಸಿ, ತೂಕ ಮಾಡಿಸಿ, ಮತ್ತೆ ಬಿಳಿ ಹತ್ತಿ ತರುತ್ತಿದ್ದಳು. ನಮ್ಮ ಫೀಸು, ಪಾಟಿ, ಎಣ್ಣೆ, ಉಪ್ಪು ಎಲ್ಲವೂ ಆ ಬಿಳಿ ನೂಲಿನಿಂದ ಬಂದವು. ಅದನ್ನು ನಾನು ಮರೆತಿಲ್ಲ. ಬಿಳಿ ನೂಲಿನ ಋಣ ನನ್ನ ಮೈಮೇಲೆ ಇದೆ. ಇದ್ದುದರಿಂದಲೇ ಅದರ ವಿರುದ್ಧ ಮಾತಾಡುವ ಹಕ್ಕೂ ನನಗಿದೆ ಎಂದುಕೊಂಡಿದ್ದೇನೆ.

ಒಂದು ಸಲ ಅವ್ವನ ಜೊತೆ ನಾನೂ ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಬಟ್ಟೆ ಮಾರುತ್ತಿದ್ದರು. ಗಾಜಿನ ಕಪಾಟಿನಲ್ಲಿ ಕುಂಕುಮ ಬಣ್ಣದ ಒಂದು ಸೀರೆ ತೂಗುಹಾಕಿದ್ದರು. ಅವ್ವ ಅದರ ಮುಂದೆ ನಿಂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿದ್ದವನನ್ನು ಮೆಲ್ಲಗೆ, “ಇದರಾಗ ನನ್ನ ನೂಲು ಇದ್ದೀತೇನ್ರಿ?” ಎಂದು ಕೇಳಿದಳು. ಅವನು ಕೆಟ್ಟವನಲ್ಲ, ನಕ್ಕ. “ನಿನ್ನ ನೂಲು, ಆಕಿ ನೂಲು ಅಂತ ಇರೂದಿಲ್ಲ ಯವ್ವಾ. ಎಲ್ಲಾ ಕೂಡಿಸಿ ಬಣ್ಣಕ್ಕ ಹೋಗತದ” ಎಂದ. ಅವ್ವನೂ ನಕ್ಕಳು. ಆದರೆ ದಾರಿಯುದ್ದಕ್ಕೂ ಮಾತಾಡಲಿಲ್ಲ.

ನೂಲು ಬೆಳ್ಳಗೇ ಇರಬೇಕು ಎನ್ನುವುದರ ಒಳಗುಟ್ಟು ಆತನ ಆ ಮಾತಿನಲ್ಲೇ ಇದೆ. ಬಿಳಿ ನೂಲಿಗೆ ಹೆಸರಿಲ್ಲ. ನೂರು ಹೆಂಗಸರ ಲಡಿಗಳನ್ನು ಒಂದೇ ಗಂಟಿಗೆ ಹಾಕಬಹುದು, ಯಾರದೆಂದು ಯಾರೂ ಕೇಳುವುದಿಲ್ಲ. ಬಣ್ಣ ಬರುವುದು ಅದರ ಮೇಲೆ, ಬೇರೆ ಊರಿನಲ್ಲಿ, ಬೇರೆಯವರ ಕೈಯಲ್ಲಿ. ಬಟ್ಟೆಗೆ ಅಂದ ಬರುವುದು ಆಗ, ಬೆಲೆ ಏರುವುದೂ ಆಗ. ಹೆಂಗಸಿನ ಕೈಯಿಂದ ದಾಟಿದ ಮೇಲೆಯೇ ಹೆಂಗಸಿನ ಕೆಲಸಕ್ಕೆ ಬೆಲೆ ಬರುವ ಈ ಏರ್ಪಾಟಿಗೆ ನಾವು ಪಾವಿತ್ರ್ಯ ಎಂದು ಹೆಸರಿಟ್ಟಿದ್ದೇವೆ.

ಇಂದಿಗೂ ದಾರಿ ಹೆಚ್ಚು ಬದಲಾಗಿಲ್ಲ. ಖಾದಿ ಆಯೋಗದ ಹಂಜಿ ಘಟಕ ನಮ್ಮ ಚಿತ್ರದುರ್ಗದಲ್ಲೇ ಇದೆ. ಹಿಂಜಿ, ಹದ ಮಾಡಿ, ಎಳೆಯಾಗಿಸಿದ ಹತ್ತಿ ಇಂಥ ಘಟಕಗಳಿಂದ ಕೇಂದ್ರಗಳಿಗೆ ಹೋಗುತ್ತದೆ. ಸಾಮಾನ್ಯವಾಗಿ ನೂಲುವವಳಿಗೆ ಸಿಗುವುದು ಬಿಳಿ, ಆಕೆ ತಿರುಗಿ ಕೊಡುವುದೂ ಬಿಳಿ. ಕೂಲಿಯ ಲೆಕ್ಕ ಲಡಿಗೆ. ಒಂದು ಲಡಿ ಎಂದರೆ 1000 ಮೀಟರ್ ನೂಲು. 2023ರ ಮಾರ್ಚ್‌ವರೆಗೆ ಆಯೋಗ ನಿಗದಿ ಮಾಡಿದ ಕೂಲಿ ಲಡಿಗೆ ಏಳೂವರೆ ರೂಪಾಯಿ. ಅಂದರೆ ಮೀಟರಿಗೆ ಒಂದು ಪೈಸೆಯೂ ಬೀಳುತ್ತಿರಲಿಲ್ಲ. ಆಮೇಲೆ ಅದು 10 ಆಯಿತು, 2024ರ ಗಾಂಧಿ ಜಯಂತಿಯಿಂದ 12.50, 2025ರ ಏಪ್ರಿಲ್‌ನಿಂದ 15 ರೂಪಾಯಿ ಆಯಿತು. ಏರಿದ್ದು ನಿಜ, ಸಂತೋಷ. ರಾಜ್ಯ ಸರಕಾರದ ಪ್ರೋತ್ಸಾಹಧನವೂ ಇದರ ಮೇಲೆ ಸೇರುತ್ತದೆ.

ಆದರೂ ಒಂದು ಲೆಕ್ಕ ಹಾಕೋಣ. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ಚಿಗರಿ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತ ಹೋಗಿ. ನವಲೂರು ದಾಟುತ್ತದೆ, ರಾಯಾಪುರ ದಾಟುತ್ತದೆ, ಉಣಕಲ್ ಕೆರೆ ಬರುತ್ತದೆ. ಅಷ್ಟು ಉದ್ದದ ನೂಲು ಎಂದರೆ 20 ಲಡಿ. ಎಂಟು ಕದಿರಿನ ಚರಕದ ಮುಂದೆ ಒಬ್ಬ ಗಟ್ಟಿಗಿತ್ತಿ ದಿನವಿಡೀ ಕೂತು, ಕಡಿದ ಎಳೆಗಳನ್ನು ಕೂಡಿಸುತ್ತ, ಕೈ ಸೋಲುವವರೆಗೆ ತಿರುಗಿಸಿದರೆ ಬರುವಷ್ಟು. ಆ ಇಡೀ ದಾರಿಗೆ ಈ ದರದಲ್ಲಿ 300 ರೂಪಾಯಿ. 2023ಕ್ಕೆ ಮೊದಲು 150. ನಾವು ಹೆಂಗಸರು ಬ್ಯೂಟಿ ಪಾರ್ಲರಿನಲ್ಲಿ ಅರ್ಧ ತಾಸಿಗೆ ಕೊಟ್ಟು ಬರುವ ದುಡ್ಡು.

ಇದಕ್ಕೆ ಗಾಂಧೀಜಿಯವರನ್ನು ಅಡ್ಡ ತರುವವರಿಗೆ ಒಂದು ಮಾತು ನೆನಪಿಸಬೇಕು. 1935ರಲ್ಲಿ, ನೂಲುವವಳಿಗೆ ಎಂಟು ತಾಸಿನ ದುಡಿಮೆಗೆ ಎಂಟಾಣೆ ಸಿಗಬೇಕು ಎಂದು ವಾದಿಸಿದವರು ಅವರೇ. ಖಾದಿ ತುಟ್ಟಿಯಾಗುತ್ತದೆ, ಯಾರೂ ಕೊಳ್ಳುವುದಿಲ್ಲ ಎಂದು ಸುತ್ತಲಿನವರು ಹೆದರಿದರೂ ಅವರು ಹಿಡಿದ ಹಟ ಬಿಡಲಿಲ್ಲ. ಆ ಚರಕವನ್ನು ಅವರಿಗೆ ಹುಡುಕಿಕೊಟ್ಟವಳೂ ಒಬ್ಬ ಹೆಂಗಸು. ಗಂಗಾಬೆನ್ ಮಜಮುದಾರ್ ಎಂಬ ವಿಧವೆ ಊರೂರು ಅಲೆದು, ಬರೋಡಾ ಸಂಸ್ಥಾನದ ವಿಜಾಪುರದಲ್ಲಿ, ಅಟ್ಟ ಸೇರಿದ್ದ ರಾಟೆಗಳನ್ನು ಪತ್ತೆ ಮಾಡಿದ್ದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ಬರೆದಿದ್ದಾರೆ. ನಾವು ಏನು ಮಾಡಿದೆವು? ಗಂಗಾಬೆನ್ನಳ ಹೆಸರು ಮರೆತೆವು, ಎಂಟಾಣೆಯ ಮಾತು ಮರೆತೆವು. ಬಿಳಿ ಬಣ್ಣ ಮಾತ್ರ ಇಟ್ಟುಕೊಂಡೆವು.

ಇನ್ನೂ ಹಿಂದೆ ಹೋದರೆ ನಮ್ಮದೇ ನೆಲದಲ್ಲಿ ಕದಿರ ರೆಮ್ಮವ್ವೆ ಇದ್ದಾಳೆ. ಹನ್ನೆರಡನೆಯ ಶತಮಾನದ ಶರಣೆ, ನೂಲುವುದೇ ಕಾಯಕ. ತನ್ನ ರಾಟೆಯ ಒಂದೊಂದು ಭಾಗದಲ್ಲಿ ಒಂದೊಂದು ದೈವವನ್ನು ಕಂಡವಳು. ಆದರೆ ಕಾಯಕ ಎಂದರೆ ಕೂಲಿ ಬಿಟ್ಟ ವ್ರತವಲ್ಲ. ಹೊಟ್ಟೆಗೂ ಅದೇ, ದಾಸೋಹಕ್ಕೂ ಅದೇ. ದೈವವನ್ನೂ ದುಡಿಮೆಯನ್ನೂ ಒಂದೇ ಕದಿರಿಗೆ ಸುತ್ತಿದ ಹೆಂಗಸಿನ ವಂಶದವರು ನಾವು. ನಮಗೆ ಯಾರೋ ಬಂದು ‘ಇದು ಪವಿತ್ರ, ಆದ್ದರಿಂದ ಹೆಚ್ಚು ಕೇಳಬೇಡ’ ಎಂದರೆ ನಂಬಬೇಕೇ?

ನಂಬಿದವಳು ನಾನೂ ಹೌದು. ಇದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಓದಿ ಹೈಸ್ಕೂಲಿನಲ್ಲಿ ಶಿಕ್ಷಕಿಯಾದೆ. 1992ರ ಅಕ್ಟೋಬರಿನಲ್ಲಿ, ರಿಬೇಟಿನ ದಿನಗಳಲ್ಲಿ, ಖಾದಿ ಅಂಗಡಿಗೆ ಹೋಗಿ ಒಂದು ಸೀರೆ ಆರಿಸಿದೆ. ಬೆಲೆ ಕೇಳಿ, “ಬರೇ ಹತ್ತಿ ಸೀರಿಗೆ ಇಷ್ಟ್ಯಾಕ್ರಿ?” ಎಂದೆ. ನೋಡಿ, ಆ ಮಾತು ಆಡಿದ್ದು ನೂಲುವವಳ ಮಗಳು! ಅಂಗಡಿಯ ವಯಸ್ಸಾದ ಹೆಣ್ಣುಮಗಳು ನನ್ನನ್ನೇ ದಿಟ್ಟಿಸಿ, “ಅಕ್ಕಾರ, ಎಂದರ ನೂಲು ತಗದು ನೋಡೀರೇನ್ರಿ?” ಎಂದಳು. ನಾನು ದುಡ್ಡು ಕೊಟ್ಟು ಹೊರಬಿದ್ದೆ. ಮರುದಿನ ಆ ಸೀರೆ ಉಟ್ಟು ಶಾಲೆಗೆ ಹೋದಾಗ ಸ್ಟಾಫ್ ರೂಮಿನಲ್ಲಿ ಮಾತು ಚರಕದತ್ತ ಹೊರಳಿತು. ನಮ್ಮ ಮನೆಯಲ್ಲೂ ಚರಕ ಇತ್ತೆಂದು ಬಾಯಿ ತಪ್ಪಿ ಹೇಳಿದೆ. “ಹೌದಾ? ನಿಮ್ಮ ತಾಯಿಯವರು ಗಾಂಧೀವಾದಿಗಳೇನ್ರಿ?” ಎಂದು ಒಬ್ಬರು ಕೇಳಿದರು. “ಹೌದ್ರಿ” ಎಂದೆ.

ಇಲ್ಲ, ಕೂಲಿಗೆ ನೂಲುತ್ತಿದ್ದಳು ಎನ್ನಬೇಕಿತ್ತು. ಆ ಮೂರು ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ವ್ರತಕ್ಕೆ ನೂಲಿದರೆ ಮರ್ಯಾದೆ, ಹೊಟ್ಟೆಗೆ ನೂಲಿದರೆ ನಾಚಿಕೆ ಎಂದು ನನಗೆ ಯಾರೂ ಪಾಠ ಮಾಡಿರಲಿಲ್ಲ. ಆದರೂ ನಾನದನ್ನು ಕಲಿತಿದ್ದೆ. ಬಿಳಿ ನೂಲು ಅವ್ವನ ಹೆಸರನ್ನು ಅಳಿಸಿತ್ತು, ನಾನು ಅವಳ ಕೆಲಸವನ್ನೂ ಅಳಿಸಿದೆ.

2017ರಲ್ಲಿ ನಿವೃತ್ತಳಾದ ಮೇಲೆ ಚರಕ ಕೊಂಡೆ. ಬಿಳಿ ನೂಲು ತೆಗೆಯಲು ಮನಸ್ಸಾಗಲಿಲ್ಲ. ಬೆರಳ ಗೆಣ್ಣಿನ ನೋವು ಐವತ್ತು ವರ್ಷವಾದರೂ ಮರೆತಿರಲಿಲ್ಲವೇನೋ! ಅರಿಷಿಣ ಬಿಸಿಲಿಗೆ ಹಾರಿಹೋಗುವ ಬಣ್ಣ ಎಂದು ಈಗ ತಿಳಿದಿತ್ತು. ಬಲ್ಲವರನ್ನು ಕೇಳಿ, ಕೆಡಿಸಿ, ಮತ್ತೆ ಮಾಡಿ ಕಲಿತೆ. ಮೊದಲು ಹತ್ತಿಯನ್ನು ಸೋಡಾ ನೀರಿನಲ್ಲಿ ಕುದಿಸಿ ಅದರ ಜಿಡ್ಡು ತೆಗೆಯಬೇಕು. ಅಳಲೆಕಾಯಿಯ ನೀರಿನಲ್ಲಿ ನೆನೆಸಬೇಕು. ಪಟಕದ ನೀರಿನಲ್ಲಿ ಅದ್ದಬೇಕು. ಆಮೇಲೆ ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಹಾಕಿದರೆ ಹಳದಿ, ಮಂಜಿಷ್ಠದ ಬೇರಿಗೆ ಹಾಕಿದರೆ ಕೆಂಪು. ಕಬ್ಬಿಣ, ಬೆಲ್ಲ ಕೊಳೆಸಿದ ನೀರಿನಿಂದ ಕಪ್ಪು ಬರುತ್ತದೆ. ಅದು ಸ್ವಲ್ಪ ಹೆಚ್ಚಾದರೆ ಹತ್ತಿಯೇ ಜೀರ್ಣವಾಗಿ ಎಳೆ ಪಟಪಟನೆ ಹರಿಯುತ್ತದೆ. ಒಂದು ಪಾತ್ರೆ ತುಂಬ ಹಾಗೆ ಹಾಳು ಮಾಡಿದ್ದೇನೆ. ನೆರಳಲ್ಲಿ ಒಣಗಿದ ಬಣ್ಣದ ಹತ್ತಿ ಗಂಟುಗಂಟಾಗುತ್ತದೆ. ತಾಳ್ಮೆಯಿಂದ ಬಿಡಿಸಿ, ಹಿಂಜಿ, ಕಡ್ಡಿಗೆ ಸುತ್ತಿ ಹಂಜಿ ಮಾಡಬೇಕು.

ಇದು ಕೆಲಸವೋ, ಬೇಸರ ಕಳೆಯುವ ಆಟವೋ ನೀವೇ ಹೇಳಿ.

ಆದರೆ ಇದರಲ್ಲೊಂದು ಸೋಜಿಗವಿದೆ. ನೂಲಾದ ಮೇಲೆ ಬಣ್ಣಕ್ಕೆ ಅದ್ದಿದರೆ ಅದು ಒಂದೇ ಬಣ್ಣ. ಹತ್ತಿಗೇ ಬಣ್ಣ ಹಾಕಿ, ಹಳದಿಯನ್ನೂ ನೀಲಿಯನ್ನೂ ಕೂಡಿಸಿ ಹಿಂಜಿ ನೂಲಿದರೆ ದೂರದಿಂದ ಹಸಿರು ಕಾಣುತ್ತದೆ. ಹತ್ತಿರ ಹಿಡಿದರೆ ಹಳದಿ ಹಳದಿಯಾಗಿಯೇ ಇದೆ, ನೀಲಿ ನೀಲಿಯಾಗಿಯೇ ಇದೆ. ಒಂದು ಮನೆಯಲ್ಲಿ ಅತ್ತೆ ಸೊಸೆ ಹೊಂದಿಕೊಂಡು ಬಾಳಿದ ಹಾಗೆ! ಗಿರಣಿಗಳಿಗೂ ಈ ವಿದ್ಯೆ ಗೊತ್ತು, ಇಲ್ಲವೆನ್ನುವುದಿಲ್ಲ. ಆದರೆ ಗಿರಣಿಯಲ್ಲಿ ಸಾವಿರ ಕಿಲೋಗೂ ಅದೇ ಹಸಿರು. ನನ್ನ ಕದಿರಿನಲ್ಲಿ ಮೊಳಕ್ಕೊಂದು ಹಸಿರು. ಇಲ್ಲಿ ಹಳದಿ ಮುಂದಾಗಲಿ, ಇಲ್ಲಿ ಕೆಂಪಿನ ಒಂದು ಎಳೆ ಸೇರಲಿ ಎಂದು ತೀರ್ಮಾನಿಸುವುದು ನನ್ನ ಎಡಗೈಯ ಎರಡು ಬೆರಳು. ಬಿಳಿ ನೂಲಿನಲ್ಲಿ ನೂಲುವವಳು ಬರೀ ಕೈ. ಬಣ್ಣದ ನೂಲಿನಲ್ಲಿ ಅವಳಿಗೊಂದು ಕಣ್ಣಿದೆ, ಮನಸ್ಸಿದೆ ಎಂದು ಗೊತ್ತಾಗುತ್ತದೆ.

ಬಣ್ಣ ನಮ್ಮ ಕೈನೂಲಿಗೆ ಹೊಸದೂ ಅಲ್ಲ. ಕುರುಬರ ಮನೆಗಳ ಹೆಣ್ಣುಮಕ್ಕಳು ಕರಿ ಉಣ್ಣೆ, ಕಂದು ಉಣ್ಣೆ, ಬಿಳಿ ಉಣ್ಣೆಯನ್ನು ಬೇರೆ ಬೇರೆ ನೂಲಿ ಕೊಡುತ್ತಾರೆ. ಕಂಬಳಿಯ ಅಂಚಿನ ಪಟ್ಟೆಗೆ ಬಣ್ಣದ ಡಬ್ಬಿ ಬೇಕಿಲ್ಲ, ಕುರಿಯ ಮೈಯಿಂದಲೇ ಬರುತ್ತದೆ. ಹತ್ತಿಯಲ್ಲೂ ಅಷ್ಟೇ. ಹತ್ತಿ ಎಂದರೆ ಬಿಳಿ ಎಂದು ನಾವು ತಿಳಿದದ್ದು ಗಿರಣಿಗಳು ಬಂದ ಮೇಲೆ. ಕಂದು ಬಣ್ಣದ ಹತ್ತಿ ಗಿಡದಲ್ಲೇ ಬೆಳೆಯುತ್ತದೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೇ ಡಿ.ಡಿ.ಸಿ.ಸಿ.–1 ಎಂಬ ಕಂದು ಹತ್ತಿಯ ದೇಸಿ ತಳಿಯನ್ನು ಬೆಳೆಸಿದ್ದಾರೆ. ಇದನ್ನು ಸೋಡಾ ನೀರಿನಲ್ಲಿ ಕುದಿಸಿದರೆ ಬಣ್ಣ ಹೋಗುವುದಿಲ್ಲ, ಇನ್ನಷ್ಟು ಗಾಢವಾಗುತ್ತದೆ. ಗಿರಣಿಗೆ ಇಂಥ ಹತ್ತಿ ಬೇಡ. ಎಳೆ ಗಿಡ್ಡ, ಮೇಲಾಗಿ ಬಿಳಿ ಹತ್ತಿಯೊಡನೆ ಬೆರೆತರೆ ಅದರ ದರ ಕೆಡುತ್ತದೆ ಎಂಬ ಹೆದರಿಕೆ. ಗಿರಣಿ ಬೇಡವೆಂದದ್ದು ಹೊಲದಿಂದಲೇ ಮಾಯವಾಯಿತು. ಗಿಡ್ಡ ಎಳೆಯನ್ನು ಪಳಗಿಸಬಲ್ಲ ಕೈಗಳಿದ್ದರೂ ಆ ಕೈಗಳಿಗೆ ನಾವು ಗಿರಣಿಯ ಬಿಳಿಯನ್ನೇ ಕೊಡುತ್ತ ಬಂದೆವು. ಗಿರಣಿಯ ವಿರುದ್ಧ ಎದ್ದ ಚರಕಕ್ಕೆ ಗಿರಣಿಯದೇ ರುಚಿ ಹತ್ತಿತಲ್ಲ, ಇದಕ್ಕೆ ಏನೆನ್ನೋಣ?

ಬಿಳಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 1957ರಲ್ಲಿ ಹುಟ್ಟಿದ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘ ರಾಷ್ಟ್ರಧ್ವಜ ಮಾಡುವುದು ನಮ್ಮ ಸೀಮೆಯ ಹೆಮ್ಮೆ. ಆ ಬಟ್ಟೆಯ ಹಿಂದೆ ಹಳ್ಳಿಗಳ ಹೆಂಗಸರ ಕೈನೂಲಿದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಮರುವರ್ಷ ಮನೆಮನೆಯಲ್ಲಿ ಧ್ವಜ ಹಾರಿತು, ಆದರೆ ಬೆಂಗೇರಿಯ ಹೆಂಗಸರು ಧರಣಿ ಕೂಡಬೇಕಾಯಿತು. ಆ ತಿದ್ದುಪಡಿ ತಪ್ಪು ಎಂದೇ ನನ್ನ ಮತ. ಆದರೆ ಅದರ ಜೊತೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಯಾರ ಕೈಯದೆಂದು ಗುರುತಿಲ್ಲದ ನೂಲಿನ ಜಾಗದಲ್ಲಿ ಏನನ್ನು ಬೇಕಾದರೂ ತಂದು ಇಡಬಹುದು. ಕೊಳ್ಳುವವನ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಕಾಯಿದೆಯೊಂದರ ಆಸರೆಯಲ್ಲಿ ಬದುಕಿದ ಕೆಲಸ, ಕಾಯಿದೆ ಜಾರಿದ ದಿನ ಬೀದಿಗೆ ಬೀಳುತ್ತದೆ. ನೋಡಿದವರು ‘ಇದನ್ನು ಈ ಕೈ ಮಾತ್ರ ಮಾಡೀತು’ ಎನ್ನುವಂಥ ಕೆಲಸಕ್ಕೆ ಅಷ್ಟು ಸುಲಭವಾಗಿ ಬದಲಿ ಸಿಗುವುದಿಲ್ಲ.

ನನ್ನ ಮಾತಿಗೆ ಎದುರು ಮಾತು ಇದೆ ಎಂದು ನನಗೆ ಗೊತ್ತು. ಕೇಂದ್ರಗಳನ್ನು ನಡೆಸಿದ ಒಬ್ಬರು ಹೇಳಿದರು: “ಬಾಯಾರ, ಬಣ್ಣದ ಲಡಿ ಒಂದಕ್ಕೊಂದು ಹೊಂದೂದಿಲ್ಲ. ಸೀರಿ ಅರ್ಧಕ್ಕ ಬಂದಾಗ ಬಣ್ಣ ಮುಗದ್ರ ನೇಕಾರ ಏನ ಮಾಡಬೇಕು? ಬಣ್ಣ ಹಾಕಿದ ಹತ್ತಿ ಕಡೀತದ. ದಿನಕ್ಕ ಬರೂ ಲಡಿ ಕಡಿಮಿ ಆಗತಾವ. ಬಡವರ ಹೊಟ್ಟಿ ಮ್ಯಾಲೆ ಹೊಡದ್ಹಂಗ ಆಗತದ.” ಇದು ಜುಬ್ಬಾದ ಹಿರಿಯರ ಪಾವಿತ್ರ್ಯದ ಮಾತಿನ ಹಾಗೆ ಗಾಳಿಮಾತಲ್ಲ, ಕೆಲಸ ಬಲ್ಲವರ ಮಾತು. ಆದ್ದರಿಂದ ಉತ್ತರ ಕೊಡಬೇಕು. ಎಲ್ಲರೂ ಬಿಳಿ ಬಿಟ್ಟು ಬಣ್ಣಕ್ಕೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ದಿನದ ಕೂಲಿ ಬೇಕಾದವರಿಗೆ ಬಿಳಿ ಇರಲಿ. ಆದರೆ ಕೈ ಪಳಗಿದವರಿಗೆ ಬಣ್ಣದ ಹಂಜಿಯೂ ಸಿಗಲಿ, ಅದಕ್ಕೆ ಲಡಿಯ ದರವೇ ಬೇರೆ ಇರಲಿ. ಕಡಿಮೆ ಬಂದರೂ ಹೆಚ್ಚು ಸಿಗುವಂತಿರಲಿ. ಬಣ್ಣ ಹೊಂದದಿದ್ದರೆ ಸೀರೆಯೇ ಯಾಕಾಗಬೇಕು? ಶಾಲು ಇದೆ, ಚೀಲ ಇದೆ, ಬಾಗಿಲ ಪರದೆ ಇದೆ, ಬಿಳಿ ಸೀರೆಗೆ ಬಣ್ಣದ ಅಂಚು ಇದೆ. ಒಂದರಂತೆ ಇನ್ನೊಂದಿಲ್ಲ ಎಂಬುದನ್ನು ತಪ್ಪೆಂದು ಮುಚ್ಚಿಡುವುದರ ಬದಲು ಹೆಮ್ಮೆಯಿಂದ ಹೇಳಿ ಮಾರಲಿ. ಮತ್ತೆ, ಆ ಬಟ್ಟೆಯ ಚೀಟಿಯ ಮೇಲೆ ಸಂಘದ ಮುದ್ರೆಯ ಪಕ್ಕ ನೂಲಿದವಳ ಹೆಸರು ಬರಲಿ. ಒಂದು ಹೆಸರು ಅಚ್ಚು ಹಾಕಲು ಎಷ್ಟು ಮಸಿ ಬೇಕು?

2018ರ ಬೇಸಿಗೆಯಲ್ಲಿ ಅವ್ವ ನಮ್ಮ ಮನೆಯಲ್ಲಿದ್ದಳು. ಎಂಬತ್ತೊಂದು ವರ್ಷ. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಒಂದು ಮಧ್ಯಾಹ್ನ ನಾನು ನೂಲುವುದನ್ನು ಮಂಚದ ಮೇಲಿಂದ ನೋಡುತ್ತಿದ್ದವಳು ಮೆಲ್ಲಗೆ ಇಳಿದು ಬಂದು ಪಕ್ಕದಲ್ಲಿ ಕೂತಳು. “ಸರೀ ಅತ್ಲಾಗ” ಎಂದಳು. ಬುಟ್ಟಿಯಿಂದ ಒಂದು ಕೆಂಪು ಹಂಜಿ ಆರಿಸಿಕೊಂಡಳು. ಚಕ್ರಕ್ಕೆ ಕೈ ಹಚ್ಚಿದ ಕೂಡಲೇ ನಡುಕ ನಿಂತಿತು. ನನ್ನ ನೂಲು ಎಲ್ಲೋ ದಪ್ಪ, ಎಲ್ಲೋ ಸಣ್ಣ. ಅವಳದು ಕೂದಲೆಳೆಯಂತೆ ಸಮನಾಗಿ ಹೊರಟಿತು. ಎಳೆ ಉದ್ದಾಗುತ್ತ ಕಿಟಕಿಯ ಬೆಳಕಿಗೆ ಬಂದಾಗ ಅದರ ಕೆಂಪು ಒಮ್ಮೆಲೇ ಹೊಳೆಯಿತು. ಅವ್ವ ಕೈ ಎತ್ತಿ ಹಿಡಿದು ನೋಡುತ್ತ ಕೂತಳು.

“ಇದು ಹಿಂಗ ಇರತದಂತ ನನಗ ಯಾರೂ ಹೇಳಲೇ ಇಲ್ಲ ನೋಡವಾ” ಎಂದಳು.

ಇಪ್ಪತ್ತು ವರ್ಷ ನೂಲಿದವಳ ಮಾತು ಇದು. ಎಷ್ಟು ಸಾವಿರ ಲಡಿ ತೆಗೆದಿದ್ದಳೋ, ಅವಳೂ ಲೆಕ್ಕ ಇಟ್ಟಿರಲಿಲ್ಲ. ಬಣ್ಣದ ಒಂದು ಎಳೆ ಅವಳ ಕೈಗೆ ಸಿಕ್ಕಿದ್ದು ಎಂಬತ್ತೊಂದರಲ್ಲಿ. ಮರುವರ್ಷ ಅವ್ವ ತೀರಿಕೊಂಡಳು. ಬೆಳ್ಳಗಿರಬೇಕು, ಪವಿತ್ರವಾಗಿರಬೇಕು ಎನ್ನುವ ಹಿರಿಯರು ನನಗೆ ಇದೊಂದಕ್ಕೆ ಉತ್ತರ ಹೇಳಲಿ. ಆ ಕೆಂಪು ನೋಡಿ ಅರಳಿದ ಅವಳ ಮುಖದಲ್ಲಿ ಯಾವ ಅಪವಿತ್ರ ಇತ್ತು?

ಓದುವ ಅಕ್ಕತಂಗಿಯರಿಗೆ ನನ್ನದೊಂದೇ ಕೋರಿಕೆ. ನೀವೆಲ್ಲ ಚರಕ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನಮಗೆ ಮನೆಗೆಲಸವೇ ಬೇಕಾದಷ್ಟಿದೆ. ಆದರೆ ಮುಂದಿನ ಸಲ ಖಾದಿ ಅಂಗಡಿಗೆ ಹೋದಾಗ, ‘ರಿಬೇಟ್ ಎಷ್ಟು?’ ಎನ್ನುವ ಮೊದಲು, ‘ಈ ನೂಲು ತಗದವರು ಯಾರ್ರಿ?’ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿರುವುದಿಲ್ಲ, ನಗಬಹುದು. ನಗಲಿ. ಹತ್ತು ಮಂದಿ ಕೇಳಿದರೆ ನಗುವುದನ್ನು ಬಿಡುತ್ತಾರೆ. ನೂರು ಮಂದಿ ಕೇಳಿದರೆ ಗೊತ್ತು ಮಾಡಿಕೊಳ್ಳುತ್ತಾರೆ. ಯಾರಾದರೂ ನಿಮ್ಮನ್ನು ನಿಮ್ಮ ತಾಯಿಯ ಬಗ್ಗೆ ಕೇಳಿದರೆ, ಅವಳು ನೂಲಿದ್ದೋ, ಹಪ್ಪಳ ಒತ್ತಿದ್ದೋ, ಬೀಡಿ ಕಟ್ಟಿದ್ದೋ, ಹೊಲಿಗೆ ಹಾಕಿದ್ದೋ, ಏನಿದೆಯೋ ಅದನ್ನೇ ಹೇಳಿ. ನಾನು 1992ರಲ್ಲಿ ಹೇಳದೆ ಉಳಿಸಿಕೊಂಡ ಮಾತನ್ನು ಈಗ ಹೇಳುತ್ತಿದ್ದೇನೆ: ನಮ್ಮವ್ವ ಕೂಲಿಗೆ ನೂಲುತ್ತಿದ್ದಳು.

ಅವಳು ತೆಗೆದ ಆ ಕೆಂಪು ನೂಲು ನನ್ನ ಬಳಿ ಇದೆ. ನಾಲ್ಕು ಮಾರು ಇರಬಹುದು. ಯಾವ ಸೀರೆಗೂ ಸಾಲದು. ನನ್ನ ಸೊಟ್ಟ ನೂಲಿನ ಶಾಲೊಂದು ಈಗ ನೇಕಾರರ ಮಗ್ಗದ ಮೇಲಿದೆ, ಅಂಚಿಗೆ ಈ ಎಳೆಯನ್ನು ಸೇರಿಸಿ ಎಂದು ಕೊಟ್ಟು ಬಂದಿದ್ದೇನೆ. ಆ ಶಾಲು ಹೊದ್ದು ಹೊರಟಾಗ ಯಾರಾದರೂ, “ಇದರಾಗ ನಿಮ್ಮ ಅವ್ವನ ನೂಲು ಐತೇನ್ರಿ?” ಎಂದು ಕೇಳಲಿ, ಬೆರಳಿಟ್ಟು ತೋರಿಸುತ್ತೇನೆ.